ನಾಡಿನ ಹೆಸರು ಹೊತ್ತ ಗಾಯಕಿ: ಅಮೀರಬಾಯಿ ಕರ್ನಾಟಕಿ



ಇಳಕಲ್ಲ ಸೀರೆಯ ಹೆಸರನ್ನು ಕೇಳದ ಕನ್ನಡಿಗರು ಇರಲಾರರು. ಆದರೆ ಆ ಹೆಸರಿನಿಂದ ಮಾರಾಟವಾಗುವ ಸೀರೆಗಳೆಲ್ಲವೂ ಇಳಕಲ್ಲ ಪಟ್ಟಣದೊಳಗೇ ನೇಯಲ್ಪಟ್ಟವಲ್ಲವೆಂಬುದು ಬಹುಮಂದಿಗೆ ತಿಳಿಯದ ಸಂಗತಿ. ಇಳಕಲ್ಲಿಗೂ ಬಾದಾಮಿಗೂ ನಡುವೆ ಗುಡೂರು ಎಂಬ ಊರಿದೆ. ಅಲ್ಲಿಯೂ, ಸುತ್ತಿನ ಸೂಳೇಭಾವಿ, ಕಮತಗಿ ಮೊದಲಾದ ಊರುಗಳಲ್ಲಿಯೂ ತಲೆಮಾರುಗಳಿಂದ ಮಗ್ಗಗಳು ನಡೆದುಬಂದಿವೆ. ಒಡಲಿನ ಹಾಸನ್ನು ಹತ್ತಿಯ ನೂಲಿನಿಂದಲೂ ಸೆರಗಿನ ಹಾಸನ್ನು ರೇಷ್ಮೆಯಿಂದಲೂ ಬೇರೆ ಬೇರೆಯಾಗಿ ಅಣಿಮಾಡಿ, ಅವೆರಡನ್ನೂ ಎಳೆಯೆಳೆಯಾಗಿ ಕೊಂಡಿ ಹಾಕಿ ಕೂಡಿಸುವ ಕೆಲಸ ಸಾಮಾನ್ಯವಾದುದಲ್ಲ. ಸೀರೆಯನ್ನುಟ್ಟವರು ಸೆರಗಿನ ಅಂದವನ್ನು ಮೆಚ್ಚುವರು. ಎಳೆಗಳನ್ನು ಕೂಡಿಸಿದ ಗುಡೂರಿನ ಕೈಯ ಹೆಸರನ್ನು ಯಾರೂ ಕೇಳುವುದಿಲ್ಲ. ಸೀರೆಯ ಮೇಲೆ ಉಳಿಯುವುದು ಊರಿನ ಹೆಸರೇ ಹೊರತು ನೇಕಾರನದಲ್ಲ.

ಚಲಚ್ಚಿತ್ರದ ಹಾಡುಗಾರಿಕೆಯ ಸ್ಥಿತಿಯೂ ಹೆಚ್ಚು ಕಡಮೆ ಇಂಥದೇ. ಒಬ್ಬರ ಕಂಠವನ್ನು ಇನ್ನೊಬ್ಬರ ಮುಖಕ್ಕೆ ಕೊಂಡಿ ಹಾಕುವರು. ನೋಡುವವರು ಮುಖವನ್ನು ನೆನಪಿನಲ್ಲಿಡುವರು. ಕಂಠದ ಒಡತಿಯನ್ನು ಮರೆಯುವರು. ಈ ಪದ್ಧತಿ ನಮ್ಮ ದೇಶದಲ್ಲಿ ಬೇರೂರಿದ ಕಾಲದಲ್ಲಿಯೇ ಹಾಡಿ, ಅಭಿನಯಿಸಿ, ರಾಗಸಂಯೋಜನೆಯನ್ನೂ ಮಾಡಿದ ಒಬ್ಬ ಕನ್ನಡತಿಯನ್ನು ಕುರಿತು ಈಗ ನಾಲ್ಕು ಮಾತುಗಳನ್ನು ಹೇಳಬೇಕೆಂದಿದ್ದೇನೆ. ಅವರು ಗುಡೂರಿನ ಜಿಲ್ಲೆಯವರೇ, ಬೀಳಗಿಯವರು. ಅವರ ಹೆಸರು ಅಮೀರಬಾಯಿ. ದೇಶವೆಲ್ಲ ಅವರನ್ನು ಅರಿತುದು ಅಮೀರಬಾಯಿ ಕರ್ನಾಟಕಿ ಎಂಬ ಹೆಸರಿನಿಂದ.

ಗುಡೂರು, ಬೀಳಗಿ, ಹುನಗುಂದ, ಬಾದಾಮಿಗಳೆಲ್ಲ ಅಂದು ಮುಂಬಯಿ ಇಲಾಖೆಗೆ ಸೇರಿದ ವಿಜಾಪುರ ಜಿಲ್ಲೆಯಲ್ಲಿದ್ದವು. 1997ರಲ್ಲಿ ಬಾಗಲಕೋಟೆ ಪ್ರತ್ಯೇಕ ಜಿಲ್ಲೆಯಾದ ಮೇಲೆ ಇವು ಅದರ ಪಾಲಿಗೆ ಬಂದುವು. ಮಳೆ ಕಡಮೆಯಾದ ಈ ಸೀಮೆಯಲ್ಲಿ ನಾಟಕದ ಬೆಳೆ ಮಾತ್ರ ಎಂದೂ ಕೊರತೆಯಾಗಲಿಲ್ಲ. 'ರಕ್ತರಾತ್ರಿ', 'ಕುರುಕ್ಷೇತ್ರ' ಮೊದಲಾದ ನಾಟಕಗಳನ್ನು ಬರೆದು ಕನ್ನಡದ ಶೇಕ್ಸ್‌ಪಿಯರ್ ಎಂಬ ಮನ್ನಣೆಯನ್ನು ಪಡೆದ ಹನುಮಂತರಾಯರು ಇಳಕಲ್ಲ ಸಮೀಪದ ಕಂದಗಲ್ಲಿನವರು. ಮುಂದಿನ ತಲೆಮಾರಿನಲ್ಲಿ 'ಸಂಪತ್ತಿಗೆ ಸವಾಲ್' ನಾಟಕವನ್ನು ರಚಿಸಿದ ಧುತ್ತರಗಿಯವರು ಗುಡೂರಿಗೆ ಸಮೀಪವಾದ ಸೂಳೇಭಾವಿಯವರು. ಆ ನಾಟಕವೇ 1974ರಲ್ಲಿ ಚಲಚ್ಚಿತ್ರವಾಗಿ ನಾಡೆಲ್ಲ ಹಬ್ಬಿತು. ಶಿರಹಟ್ಟಿ, ಕೊಣ್ಣೂರು, ಹಲಗೇರಿ ಎಂದು ಊರುಗಳ ಹೆಸರಿನಿಂದಲೇ ಪ್ರಸಿದ್ಧವಾದ ಕಂಪನಿಗಳು ಒಂದೊಂದು ಊರಿನಲ್ಲಿ ಕ್ಯಾಂಪು ಹಾಕಿ, ಜನ ಬರುವವರೆಗೆ ಆಡಿ, ಮುಂದಿನ ಊರಿಗೆ ಸಾಗುತ್ತಿದ್ದುವು. ಸಂತೆಗೆ ಬಂದ ರೈತನೂ ಮಗ್ಗವನ್ನು ನಿಲ್ಲಿಸಿ ಬಂದ ನೇಕಾರನೂ ಅಲ್ಲಿಯ ಶ್ರೋತೃಗಳು.

ಇಂಥ ಕಂಪನಿಗಳಿಗೆ ಹತ್ತಿದ ಒಂದು ಬಡ ಮುಸಲ್ಮಾನ ಮನೆತನದಲ್ಲಿ, ಇಪ್ಪತ್ತನೆಯ ಶತಮಾನದ ಮೊದಲ ದಶಕದ ಸುಮಾರಿಗೆ, ಅಮೀರಬಾಯಿಯವರ ಜನನವಾಯಿತು. ಆ ಮನೆಯ ಹೆಣ್ಣುಮಕ್ಕಳಲ್ಲಿ ಇಬ್ಬರ ಹೆಸರು ಮುಂದೆ ದೇಶಪ್ರಸಿದ್ಧವಾಯಿತು: ಒಬ್ಬರು ಗೋಹರಬಾಯಿ, ಇನ್ನೊಬ್ಬರು ಅಮೀರಬಾಯಿ. ಮನೆಮಾತು ಉರ್ದುವಿನ ಸೊಗಡಿನದಾಗಿರಬಹುದು. ಬೀದಿಯ ಮಾತು ಕನ್ನಡ. ನಾಟಕದ ಪದಗಳು ಕನ್ನಡ ಮರಾಠಿಗಳೆರಡರವು. ಹಿಂದುಸ್ಥಾನಿ ಸಂಗೀತದ ಚೀಜುಗಳು ವ್ರಜಭಾಷೆಯವು. ಇಷ್ಟು ಭಾಷೆಗಳ ಉಚ್ಚಾರಣೆ ಒಂದು ಮಗುವಿನ ನಾಲಗೆಯ ಮೇಲೆ ಆಡಬೇಕಾದರೆ ಅದಕ್ಕೆ ಪಾಠಶಾಲೆ ಬೇಕಿಲ್ಲ. ಕಂಪನಿಯ ಕ್ಯಾಂಪೇ ಸಾಕು.

ಕಂಪನಿಯ ಹಾಡುಗಾರಿಕೆ ಎಂಥದೆಂಬುದನ್ನು ಇಲ್ಲಿ ಒಂದಿಷ್ಟು ವಿವರಿಸುವುದು ಅವಶ್ಯಕ. ಅಮೀರಬಾಯಿಯವರ ಏಳಿಗೆಗೂ ಇಳಿಗಾಲಕ್ಕೂ ಅದೇ ಕಾರಣವಾಯಿತೆಂದು ನನ್ನ ಅಭಿಪ್ರಾಯ. ಅಂದಿನ ರಂಗದ ಮೇಲೆ ಧ್ವನಿಯನ್ನು ಹಿಗ್ಗಿಸುವ ಯಂತ್ರವಿರಲಿಲ್ಲ. ತಗಡಿನ ಮಂಟಪದ ಕೊನೆಯ ಸಾಲಿನಲ್ಲಿ ಚಾಪೆಯ ಮೇಲೆ ಕುಳಿತವನಿಗೂ ಮಾತು ಬಿಡಿಬಿಡಿಯಾಗಿ ಕೇಳಬೇಕು. ಪೇಟಿ ಮಾಸ್ತರನು ಕಾಲಿನಿಂದ ತಿದಿಯೊತ್ತಿ ನುಡಿಸುವ ಪೇಟಿಯ ಮೇಲೆ ಏರುಸ್ವರವನ್ನು ಹಿಡಿದರೆ ನಟಿಯ ಕಂಠ ಅದಕ್ಕೂ ಮೇಲೆ ನಿಲ್ಲಬೇಕು. ಜನರು 'ಒನ್ಸ್ ಮೋರ್' ಎಂದು ಕೂಗಿದಷ್ಟು ಸಾರಿಯೂ ಪದವನ್ನು ಬೆಳೆಸಿ ಬೆಳೆಸಿ ಹಾಡಬೇಕು. ಹೀಗೆ ಹಾಡಿದವರ ಧ್ವನಿ ತೆಳ್ಳಗಿರಲಾರದು. ಅದು ಎದೆಯಿಂದ ಬಂದುದು, ತುಂಬಿದ್ದು, ಅಂಚಿನಲ್ಲಿ ತುಸು ಗಡುಸು. ಇಷ್ಟಲ್ಲದೆ ಹಾಡುವವರೇ ಪಾತ್ರಧಾರಿಗಳಾದುದರಿಂದ ಮುಖ, ಮಾತು, ಸ್ವರಗಳು ಒಂದೇ ದೇಹದಲ್ಲಿರುತ್ತಿದ್ದುವು. ಅಳುವ ದ್ರೌಪದಿಯೇ ಹಾಡುವ ದ್ರೌಪದಿ.

ಗೋಹರಬಾಯಿಯವರು ಈ ರಂಗಸಂಪ್ರದಾಯದಲ್ಲಿಯೇ ನೆಲೆನಿಂತರು. ಮರಾಠಿ ರಂಗಭೂಮಿಯ ಸಾಮ್ರಾಟರಾದ ಬಾಲಗಂಧರ್ವರು ಸ್ತ್ರೀಪಾತ್ರಗಳಿಗೆ ಹೆಸರಾದ ಪುರುಷರು. ಅವರು ಉಟ್ಟ ಸೀರೆಯ ರೀತಿಯನ್ನೂ ತೊಟ್ಟ ಆಭರಣದ ರೀತಿಯನ್ನೂ ಮನೆತನಸ್ಥ ಸ್ತ್ರೀಯರೇ ಅನುಕರಿಸುತ್ತಿದ್ದರು. ಅವರಿಗೆ ವಯಸ್ಸು ಕಳೆದಾಗ, 1938ರ ಸುಮಾರಿಗೆ, ಅವರ ಮಂಡಳಿಯನ್ನು ಸೇರಿ, ಅವರದೇ ಗಾಯನಶೈಲಿಯನ್ನು ಅಚ್ಚಳಿಯದೆ ಒಲಿಸಿಕೊಂಡು, ಆ ಸ್ತ್ರೀಪಾತ್ರಗಳನ್ನು ವಹಿಸಿದವರು ಬೀಳಗಿಯ ಈ ಗೋಹರಬಾಯಿ. ಮುಂದೆ ಇಬ್ಬರೂ ವಿವಾಹವಾದರು. ಸ್ತ್ರೀಯಾಗಿ ಹಾಡಿದ ಪುರುಷನಿಂದ ಸ್ತ್ರೀಯೊಬ್ಬಳು ಸ್ತ್ರೀಪಾತ್ರವನ್ನು ಕಲಿತುಕೊಂಡ ಈ ಪ್ರಸಂಗ ಭಾರತೀಯ ರಂಗಭೂಮಿಯ ಚರಿತ್ರೆಯಲ್ಲಿ ವಿರಳವಾದುದು.

ಅಮೀರಬಾಯಿಯವರು ಹಿಡಿದುದು ಇನ್ನೊಂದು ದಾರಿ. ಅವರು ಎಳೆಯ ವಯಸ್ಸಿನಲ್ಲಿಯೇ ಮುಂಬಯಿಗೆ ಹೋದರು. ಹಿಸ್ ಮಾಸ್ಟರ್ಸ್ ವಾಯ್ಸ್ ಗ್ರಾಮಫೋನು ಕಂಪನಿಯವರು ಅವರಿಂದ ಹಾಡಿಸಿದ ಒಂದು ಕವ್ವಾಲಿಗೆ ಜನರ ಮೆಚ್ಚುಗೆ ದೊರೆಯಿತು. 1934ರಲ್ಲಿ ಅವರು 'ವಿಷ್ಣುಭಕ್ತಿ' ಎಂಬ ವಾಕ್ಚಿತ್ರದಲ್ಲಿ ಪಾತ್ರ ವಹಿಸಿದರು. ನಮ್ಮ ದೇಶದ ಮೊದಲನೆಯ ವಾಕ್ಚಿತ್ರ 'ಆಲಂ ಆರಾ' ತೆರೆಕಂಡುದು 1931ರಲ್ಲಿ. ಕನ್ನಡದ ಮೊದಲನೆಯ ವಾಕ್ಚಿತ್ರ 'ಸತಿ ಸುಲೋಚನಾ' ಬಂದುದು 1934ರ ಮಾರ್ಚ್ ತಿಂಗಳಲ್ಲಿ. ಅಮೀರಬಾಯಿಯವರು ಕಾಲಿಟ್ಟಾಗ ಚಿತ್ರರಂಗವೇ ಮಾತು ಕಲಿಯುವ ಮಗುವಾಗಿತ್ತೆಂಬುದನ್ನು ಇದರಿಂದ ಊಹಿಸಬಹುದು.

ಆಗ ಚಿತ್ರದಲ್ಲಿ ಹಾಡುವುದೆಂದರೆ ಛಾಯಾಯಂತ್ರದ ಮುಂದೆ ನಿಂತು ಅಲ್ಲಿಯೇ ಹಾಡುವುದು. ವಾದ್ಯದವರು ಗಿಡದ ಮರೆಯಲ್ಲಿಯೋ ಗೋಡೆಯ ಹಿಂದೆಯೋ ಅಡಗಿ ಕುಳಿತು ನುಡಿಸುವರು. ಒಂದೇ ಮೈಕು ಎಲ್ಲವನ್ನೂ ಹೀರಿಕೊಳ್ಳಬೇಕು. ನಟಿ ತಪ್ಪಿದರೆ ಹಾಡೆಲ್ಲ ಮೊದಲಿನಿಂದ. ಆದುದರಿಂದ ಹಾಡಬಲ್ಲವರನ್ನೇ ನಾಯಕಿಯರನ್ನಾಗಿ ಮಾಡುತ್ತಿದ್ದರು. ಕಂಪನಿಯಲ್ಲಿ ಪಳಗಿದವರಿಗೆ ಇದು ಸಹಜವಾದ ಅವಕಾಶ. ಆದರೆ 1935ರಲ್ಲಿ ಕಲಕತ್ತೆಯ ನ್ಯೂ ಥಿಯೇಟರ್ಸ್ ಸಂಸ್ಥೆಯವರು 'ಧೂಪ್ ಛಾಂವ್' ಚಿತ್ರದಲ್ಲಿ ಹಾಡನ್ನು ಮೊದಲೇ ಮುದ್ರಿಸಿಕೊಂಡು, ಚಿತ್ರೀಕರಣದಲ್ಲಿ ಅದಕ್ಕೆ ತುಟಿಯಾಡಿಸುವ ಉಪಾಯವನ್ನು ಬಳಕೆಗೆ ತಂದರು. ಅದೇ ಹಿನ್ನೆಲೆ ಗಾಯನ. ಮೇಲುನೋಟಕ್ಕೆ ಇದು ಕೇವಲ ಯಂತ್ರದ ಸೌಕರ್ಯ. ನಿಜದಲ್ಲಿಯಾದರೋ ಸಾವಿರ ವರ್ಷಗಳಿಂದ ಒಂದೇ ದೇಹದಲ್ಲಿ ನೆಲೆಸಿದ್ದ ಮುಖವನ್ನೂ ಕಂಠವನ್ನೂ ಅದು ಬೇರ್ಪಡಿಸಿತು. ಚೆಲುವಿರುವವರಿಗೆ ಕಂಠ ಬೇಡವಾಯಿತು. ಕಂಠವಿರುವವರಿಗೆ ಮುಖ ಬೇಡವಾಯಿತು.

ಅಮೀರಬಾಯಿಯವರ ಬಾಳು ಈ ಕವಲಿನಲ್ಲಿ ನಿಂತಿತು. 1940ರಲ್ಲಿ ವಿಜಯ ಭಟ್ಟರು ನಿರ್ದೇಶಿಸಿದ 'ನರಸಿ ಭಗತ್' ಚಿತ್ರದಲ್ಲಿ ಅವರು ಪಾತ್ರವನ್ನೂ ವಹಿಸಿದರು, ವಿಷ್ಣುಪಂತ ಪಾಗನೀಸರ ಜತೆಗೆ ಹಾಡಿದರು. ಗಾಂಧೀಜಿಯವರಿಗೆ ಬಹು ಪ್ರಿಯವಾಗಿದ್ದ ನರಸಿ ಮೆಹತಾರ ಭಜನೆಯೇ ಆ ಚಿತ್ರದ ಜೀವಾಳ. ಬೀಳಗಿಯ ಮುಸಲ್ಮಾನ ಮನೆಯ ಮಗಳು ಗುಜರಾತಿನ ವೈಷ್ಣವ ಭಕ್ತನ ಪದವನ್ನು ಹಾಡಿ ಅದನ್ನು ಮನೆಮನೆಗೂ ಮುಟ್ಟಿಸಿದರೆಂದರೆ ಹೊರಗಿನವರಿಗೆ ಸೋಜಿಗವೆನಿಸಬಹುದು. ಮೊಹರಂ ಹಬ್ಬದಲ್ಲಿ ಹಿಂದೂಗಳು ಹೆಜ್ಜೆಹಾಕಿ ರಿವಾಯತ್ ಪದ ಹಾಡುವ, ಮುಸಲ್ಮಾನ ಕಲಾವಿದರು ಶಿವಶರಣರ ನಾಟಕಗಳಿಗೆ ತಬಲಾ ನುಡಿಸುವ ಸೀಮೆಯಿಂದ ಬಂದವರಿಗೆ ಅದರಲ್ಲಿ ವಿಶೇಷವೇನೂ ಇರಲಿಲ್ಲ.

1943ರಲ್ಲಿ ಬಾಂಬೆ ಟಾಕೀಸ್ ಸಂಸ್ಥೆಯ 'ಕಿಸ್ಮತ್' ಬಂದಿತು. ಜ್ಞಾನ್ ಮುಖರ್ಜಿಯವರು ನಿರ್ದೇಶಕರು; ಅಶೋಕ ಕುಮಾರರು ನಾಯಕರು; ಅನಿಲ್ ಬಿಸ್ವಾಸರ ಸಂಗೀತ, ಕವಿ ಪ್ರದೀಪರ ಸಾಹಿತ್ಯ. ಕಲಕತ್ತೆಯ ರಾಕ್ಸಿ ಚಿತ್ರಮಂದಿರದಲ್ಲಿ ಅದು ಮೂರು ವರ್ಷಗಳಿಗೂ ಮಿಕ್ಕಿ ನಡೆಯಿತು. ಒಂದು ಕಾಲದಲ್ಲಿ ರಂಗದ ಮೇಲೆ ಮೆರೆದು, ಕಾಲಿನ ಊನದಿಂದ ಬಡತನಕ್ಕಿಳಿದ ಕಲಾವಿದೆಯೇ ಚಿತ್ರದ ನಾಯಕಿ. ಆ ಪಾತ್ರದಲ್ಲಿ ಕಾಣಿಸಿಕೊಂಡವರು ಮುಮ್ತಾಜ್ ಶಾಂತಿ, ಕೇಳಿಸಿದವರು ಅಮೀರಬಾಯಿ. ಮುಗಿಲನ್ನು ಮೆಲ್ಲನೆ ಬರಹೇಳುವ ಲಾಲಿ, ದೇವರಲ್ಲಿ ಮೊರೆಯಿಡುವ ಪ್ರಾರ್ಥನೆ, ದೀಪಾವಳಿಯ ಬೆಳಕಿನ ನಡುವೆ ತನ್ನ ಮನೆಯ ಕತ್ತಲೆಯನ್ನು ನೆನೆಯುವ ಶೋಕಗೀತೆ, ಇವೆಲ್ಲ ಒಂದೇ ಕಂಠದಿಂದ ಹೊರಟುವು. ಖಾನ್ ಮಸ್ತಾನರೊಂದಿಗೆ ಅವರು ಮುಂದಾಳಾಗಿ ಹಾಡಿದ ದೇಶಭಕ್ತಿಯ ಗೀತೆಯೊಂದೂ ಅದರಲ್ಲಿದೆ. 1942ರ ಆಗಸ್ಟ್ ಚಳವಳಿಯ ಮುಂದಾಳುಗಳೆಲ್ಲ ಸೆರೆಮನೆಯಲ್ಲಿದ್ದ ಸಮಯವದು. ಯುದ್ಧದಲ್ಲಿ ಇಂಗ್ಲಿಷರ ವೈರಿಗಳಾದ ಜರ್ಮನ್ ಜಪಾನರನ್ನು ಹೆಸರಿಸಿದ್ದುದರಿಂದ ಪರಿಶೀಲಕರ ಕಣ್ಣು ತಪ್ಪಿಸಿಕೊಂಡ ಆ ಹಾಡಿನ ಮೊನೆ ನಿಜವಾಗಿ ಯಾರ ಕಡೆಗಿತ್ತೆಂಬುದು ಚಿತ್ರಮಂದಿರದಲ್ಲಿ ಕುಳಿತ ಪ್ರತಿಯೊಬ್ಬನಿಗೂ ಗೊತ್ತಿತ್ತು. ಕೊನೆಯ ಸಾಲಿನವನಿಗೂ ಮಾತು ಮುಟ್ಟಬೇಕೆಂಬ ಕಂಪನಿಯ ಶಿಕ್ಷಣ ಇಲ್ಲಿ ದೇಶದ ಕೆಲಸಕ್ಕೆ ಬಂದಿತು.

ಈ ಸ್ಥಳದಲ್ಲಿ ಒಂದು ಪಾಶ್ಚಾತ್ಯ ದೃಷ್ಟಾಂತವನ್ನು ಹೇಳಿದರೆ ಅಪ್ರಸ್ತುತವಾಗಲಾರದು. ಫ್ರಾನ್ಸ್ ದೇಶದ ಎಡಿತ್ ಪಿಯಾಫ್ ಎಂಬ ಗಾಯಕಿಯ ಹೆಸರನ್ನು ಶ್ರೋತೃಗಳಲ್ಲಿ ಕೆಲವರಾದರೂ ಕೇಳಿರಬಹುದು. 1915ರಲ್ಲಿ ಪ್ಯಾರಿಸ್ ನಗರದಲ್ಲಿ ಹುಟ್ಟಿದ ಆಕೆಯ ತಂದೆ ಬೀದಿಯಲ್ಲಿ ಕಸರತ್ತಿನಾಟವನ್ನಾಡುವವನು. ತಾಯಿ ಹಾಡಿ ಹೊಟ್ಟೆ ಹೊರೆಯುವವಳು. ಬೀದಿಯಲ್ಲಿ ಹಾಡುತ್ತಿದ್ದ ಈ ಕುಳ್ಳು ಹುಡುಗಿಯನ್ನು 1935ರಲ್ಲಿ ಒಬ್ಬ ವಿನೋದಮಂದಿರದ ಯಜಮಾನ ಗುರುತಿಸಿ, 'ಗುಬ್ಬಚ್ಚಿ' ಎಂಬ ಅರ್ಥದ ಪಿಯಾಫ್ ಎಂಬ ಹೆಸರನ್ನಿಟ್ಟನು. ನಮ್ಮವರು ಅಮೀರಬಾಯಿಯವರನ್ನು 'ಕನ್ನಡ ಕೋಕಿಲೆ' ಎಂದಂತೆ! ಪಿಯಾಫ್ ಹಾಡಿದುದು ಮಾತ್ರವಲ್ಲ, ತನ್ನ ಹಾಡುಗಳಲ್ಲಿ ಅನೇಕಕ್ಕೆ ತಾನೇ ಸಾಹಿತ್ಯವನ್ನು ರಚಿಸಿದಳು. ನಾಟಕಗಳಲ್ಲಿಯೂ ಚಿತ್ರಗಳಲ್ಲಿಯೂ ಅಭಿನಯಿಸಿದಳು. 1946ರಲ್ಲಿ ಆಕೆ ನಟಿಸಿದ ಒಂದು ಚಿತ್ರದ ಹೆಸರು 'ಬೆಳಕಿಲ್ಲದ ತಾರೆ' ಎಂದು ಅರ್ಥವಾಗುವಂಥದು. ಅದರ ಕಥೆ ಹೀಗಿದೆ: ಮೂಕಚಿತ್ರಗಳ ಒಬ್ಬ ಹೆಸರಾಂತ ನಟಿಗೆ ವಾಕ್ಚಿತ್ರದ ಕಾಲ ಬಂದಾಗ ಕಂಠ ಒದಗುವುದಿಲ್ಲ. ಮನೆಗೆಲಸದ ಹುಡುಗಿಯೊಬ್ಬಳ ಕಂಠವನ್ನು ಗುಟ್ಟಾಗಿ ಆಕೆಯ ಮುಖಕ್ಕೆ ಜೋಡಿಸುವರು. ಕೀರ್ತಿಯೆಲ್ಲ ಮುಖಕ್ಕೆ, ಕಂಠದವಳು ಕತ್ತಲೆಯಲ್ಲಿ. ಕೊನೆಗೆ ಆಕೆ ತಾನೇ ರಂಗದ ಮೇಲೆ ಬಂದಾಗ ಹಾಡಲಾರದೆ ಸೋಲುವಳು.

ಯೂರೋಪಿನಲ್ಲಿ ಇದನ್ನು ಒಂದು ವಂಚನೆಯ ಕಥೆಯಾಗಿ, ದುಃಖಾಂತವಾಗಿ ತೋರಿಸಿದರು. ನಮ್ಮ ದೇಶದಲ್ಲಿ ಅದೇ ಕಾಲಕ್ಕೆ ಅದು ದಿನನಿತ್ಯದ ವ್ಯವಹಾರವಾಗಿದ್ದಿತು; ಯಾರಿಗೂ ಅದು ದುಃಖದ ಸಂಗತಿಯಾಗಿ ತೋರಲಿಲ್ಲ. ಪಿಯಾಫ್ ಚಿತ್ರದಲ್ಲಿ ಅಂಥ ಹುಡುಗಿಯ ಪಾತ್ರವನ್ನು ಅಭಿನಯಿಸಿದಳು, ಆದರೆ ಜೀವನದಲ್ಲಿ 1963ರಲ್ಲಿ ಕಣ್ಮುಚ್ಚುವವರೆಗೂ ತನ್ನ ಮುಖದಿಂದಲೇ ತನ್ನ ಹಾಡನ್ನು ಹಾಡಿದಳು. ಅಮೀರಬಾಯಿಯವರು ಆ ಪಾತ್ರವನ್ನು ಅಭಿನಯಿಸಲಿಲ್ಲ, ಬಾಳಿದರು.

ಹೆಸರಿನ ವಿಷಯವಾಗಿಯೂ ಒಂದು ಮಾತು. ಆ ದಿನಗಳ ಚಿತ್ರಗೀತೆಗಳ ರಿಕಾರ್ಡುಗಳ ಮೇಲೆ ಹಾಡಿದವರ ಹೆಸರಿಗೆ ಬದಲಾಗಿ ಪಾತ್ರದ ಹೆಸರನ್ನು ಅಚ್ಚುಮಾಡುವ ರೂಢಿಯೂ ಇದ್ದಿತು. 1949ರಲ್ಲಿ ಬಂದ 'ಮಹಲ್' ಚಿತ್ರದ ಪ್ರಸಿದ್ಧ ಗೀತೆಯನ್ನು ಹಾಡಿದವರು ಲತಾ ಮಂಗೇಶಕರರು. ರಿಕಾರ್ಡಿನ ಮೇಲೆ ಅಚ್ಚಾದುದು ಕಥೆಯ ನಾಯಕಿ 'ಕಾಮಿನಿ'ಯ ಹೆಸರು! ಬಾನುಲಿ ಕೇಳುವವರು ಹಾಡಿದವರಾರೆಂದು ಕಾಗದ ಬರೆದು ವಿಚಾರಿಸಿದ ಮೇಲೆಯೇ ನಿಜ ಹೊರಬಿದ್ದಿತು. ಗಾಯಕಿಯ ಹೆಸರಿಗೆ ಇಷ್ಟು ಕಡಮೆ ಬೆಲೆಯಿದ್ದ ಕಾಲದಲ್ಲಿ ಅಮೀರಬಾಯಿಯವರು ತಮ್ಮ ಹೆಸರಿನ ಮುಂದೆ 'ಕರ್ನಾಟಕಿ' ಎಂಬ ಪದವನ್ನು ಸೇರಿಸಿಕೊಂಡಿದ್ದರು. ಅಂಬಾಲೆಯ ಜೊಹರಾಬಾಯಿಯವರು ಅಂಬಾಲೆವಾಲಿಯಾದಂತೆ ಊರನ್ನು ಹೆಸರಿಗೆ ಕೂಡಿಸುವುದು ಆಗಿನ ವಾಡಿಕೆಯೇ. ಆದರೆ ಇವರು ಬೀಳಗಿಯನ್ನಾಗಲಿ ವಿಜಾಪುರವನ್ನಾಗಲಿ ಹೇಳದೆ ಕರ್ನಾಟಕವನ್ನೇ ಹೇಳಿಕೊಂಡರು. ಆಗ ನಕಾಶೆಯಲ್ಲಿ ಕರ್ನಾಟಕವೆಂಬ ರಾಜ್ಯವೆಲ್ಲಿತ್ತು? ಕನ್ನಡಿಗರು ಮುಂಬಯಿ, ಮದರಾಸು ಇಲಾಖೆಗಳಲ್ಲಿ, ಮೈಸೂರು, ಹೈದರಾಬಾದು ಸಂಸ್ಥಾನಗಳಲ್ಲಿ, ಇನ್ನೂ ಹಲವು ಚಿಕ್ಕ ಸಂಸ್ಥಾನಗಳಲ್ಲಿ ಹರಿದು ಹಂಚಿಹೋಗಿದ್ದರು. ಏಕೀಕರಣವಾದುದು 1956ರಲ್ಲಿ, ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದುದು 1973ರಲ್ಲಿ. ಅಷ್ಟರಲ್ಲಿ ಅಮೀರಬಾಯಿಯವರು ತೀರಿಕೊಂಡು ಎಂಟು ವರ್ಷಗಳಾಗಿದ್ದುವು. ಇನ್ನೂ ಹುಟ್ಟದ ರಾಜ್ಯದ ಹೆಸರನ್ನು ಲಾಹೋರಿನಿಂದ ಕಲಕತ್ತೆಯವರೆಗೆ ಅಂಗಡಿ ಅಂಗಡಿಗಳ ಗ್ರಾಮಫೋನುಗಳಲ್ಲಿ ಅವರು ತಿರುಗಿಸಿದ್ದರು.

'ಕಿಸ್ಮತ್' ಚಿತ್ರದ ನಂತರದ ನಾಲ್ಕೈದು ವರ್ಷಗಳು ಅವರ ಏಳಿಗೆಯ ಕಾಲ. 1944ರಲ್ಲಿ ನೌಷಾದರ ಸಂಗೀತದ 'ರತನ್', 1947ರಲ್ಲಿ ಖೇಮಚಂದ ಪ್ರಕಾಶರ ಸಂಗೀತದ 'ಸಿಂದೂರ್', ಅದೇ ವರ್ಷ ಸಿ. ರಾಮಚಂದ್ರರ 'ಶೆಹನಾಯಿ', ಹೀಗೆ ಹೆಸರಾಂತ ಸಂಗೀತ ನಿರ್ದೇಶಕರೆಲ್ಲ ಅವರಿಂದ ಹಾಡಿಸಿದರು. 1946ರ 'ರಾಣಕದೇವಿ' ಎಂಬ ಗುಜರಾತಿ ಚಿತ್ರದಲ್ಲಿ ಅವರು ಹಾಡಿದ ಗೀತೆ ಗುಜರಾತದ ಹಳ್ಳಿಹಳ್ಳಿಗಳಲ್ಲಿ ಜನಪದದಂತೆ ನೆಲೆಯೂರಿತು. ಇತರ ಗಾಯಕಿಯರು ಒಂದು ಹಾಡಿಗೆ ಐದುನೂರು ರೂಪಾಯಿಗಳನ್ನು ಪಡೆಯುತ್ತಿದ್ದಾಗ ಅಮೀರಬಾಯಿಯವರಿಗೆ ಒಂದು ಸಾವಿರ ರೂಪಾಯಿ ಸಲ್ಲುತ್ತಿದ್ದಿತೆಂದು ಚಿತ್ರರಂಗವನ್ನು ಕುರಿತ ಬರಹಗಳು ಹೇಳುತ್ತವೆ.

1948ರಲ್ಲಿ ಅವರು ಇನ್ನೊಂದು ಹೆಜ್ಜೆಯನ್ನು ಮುಂದಿಟ್ಟರು. 'ಶಹನಾಜ್' ಎಂಬ ಚಿತ್ರಕ್ಕೆ ಅವರೇ ಸಂಗೀತ ನಿರ್ದೇಶಕರಾದರು. ಇದರ ಮಹತ್ತ್ವವನ್ನು ನಾವು ಸರಿಯಾಗಿ ಅಳೆಯಬೇಕು. ಹಾಡುವುದಕ್ಕೆ ಹೆಂಗಸರು ಬೇಕು. ಹಾಡನ್ನು ಕಟ್ಟುವವರು ಮಾತ್ರ ಗಂಡಸರಾಗಿರಬೇಕೆಂಬುದು ಅಂದಿನ ಅಲಿಖಿತ ನಿಯಮ. ಅದಕ್ಕೂ ಮೊದಲು ಆ ಸ್ಥಾನದಲ್ಲಿ ಕುಳಿತ ಸ್ತ್ರೀಯರನ್ನು ಬೆರಳ ಮೇಲೆ ಎಣಿಸಬಹುದು: 1935ರಲ್ಲಿ ತಮ್ಮ ಸ್ವಂತ ಚಿತ್ರಕ್ಕೆ ರಾಗ ಹಾಕಿದ ಜದ್ದನಬಾಯಿ, ಬಾಂಬೆ ಟಾಕೀಸಿನಲ್ಲಿ 'ಅಛೂತ್ ಕನ್ಯಾ' ಮೊದಲಾದ ಚಿತ್ರಗಳಿಗೆ ಸಂಗೀತ ನೀಡಿದ ಸರಸ್ವತೀದೇವಿ. ಅವರ ಸಾಲಿನಲ್ಲಿ ಬೀಳಗಿಯ ಅಮೀರಬಾಯಿಯವರು ನಿಲ್ಲುವರು. ಪೇಟಿ ಮಾಸ್ತರನ ಮಗ್ಗುಲಲ್ಲಿ ನಿಂತು ಕಲಿತವರಿಗೆ ರಾಗವನ್ನು ಕಟ್ಟುವ ವಿದ್ಯೆ ಹೊಸದಲ್ಲ. ಹೊಸದಾದುದು ಅದನ್ನು ತಮ್ಮ ಹೆಸರಿನಲ್ಲಿ ಮಾಡುವ ಅಧಿಕಾರ. ಆದರೆ ಆ ಅಧಿಕಾರದ ಬಾಗಿಲು ಅವರಿಗೆ ಹೆಚ್ಚು ಕಾಲ ತೆರೆದಿರಲಿಲ್ಲ.

ಅವರ ಗೃಹಜೀವನವೂ ಸುಖಕರವಾಗಿರಲಿಲ್ಲ. ಹಿಮಾಲಯವಾಲಾ ಎಂಬ ನಟರೊಡನೆ ಆದ ಅವರ ಮೊದಲನೆಯ ವಿವಾಹ ಬಹಳ ಕಷ್ಟಗಳನ್ನು ತಂದಿತು. ಕೊನೆಗೆ ಸಂಬಂಧ ಹರಿಯಿತು. ಸಾವಿರ ಸಾವಿರ ರೂಪಾಯಿಗಳನ್ನು ಗಳಿಸುವ, ನಾಡೆಲ್ಲ ಕೇಳುವ ಕಂಠವುಳ್ಳ ಹೆಂಗಸಿಗೂ ಮನೆಯೊಳಗೆ ತನ್ನ ಮಾತು ನಡೆಯುವ ಭರವಸೆಯಿಲ್ಲವೆಂಬುದು ಆ ಪ್ರಸಂಗದಿಂದ ತಿಳಿಯುವ ಕಹಿ ನಿಜ. ಮುಂದೆ ಅವರು ಮತ್ತೊಮ್ಮೆ ಸಂಸಾರ ಹೂಡಿ ನೆಮ್ಮದಿಯನ್ನು ಕಂಡರು.

ಇನ್ನು ಇಳಿಗಾಲದ ಮಾತು. 1947ರ ನಂತರ ಅವರಿಗೆ ಹಾಡುಗಳು ಕಡಮೆಯಾಗುತ್ತ ಬಂದುವು. ಅವರು ಪೋಷಕ ಪಾತ್ರಗಳ ಅಭಿನಯಕ್ಕೆ ತಿರುಗಿದರು. ಹೊಸ ಗಾಯಕಿಯರು ಬಂದು ಹಳಬರನ್ನು ತಳ್ಳಿದರೆಂದು ಕೆಲವರು ಹೇಳುವರು. ಈ ವಿವರಣೆ ಸುಲಭವಾದುದು, ಆದರೆ ಸಾಲದು. ನಿಜವಾಗಿ ಬದಲಾದುದು ಮೈಕು, ಮತ್ತು ಅದರೊಂದಿಗೆ ಜನರ ಕಿವಿ. ಧ್ವನಿಮುದ್ರಣದ ಯಂತ್ರಗಳು ಸುಧಾರಿಸಿದಂತೆ ಪಿಸುಮಾತೂ ಕೇಳುವಂತಾಯಿತು. ಕೊನೆಯ ಸಾಲಿಗೆ ಮುಟ್ಟುವಂತೆ ಹಾಡುವ ಅವಶ್ಯಕತೆ ತಪ್ಪಿತು. ತೆಳುವಾದ, ನುಣುಪಾದ, ಏರುಸ್ಥಾಯಿಯ ಕಂಠ ಹೊಸ ನಾಯಕಿಯ ಮುಖಕ್ಕೆ ಒಪ್ಪುವುದೆಂದು ಜನರು ಭಾವಿಸತೊಡಗಿದರು. ಯಾವ ತುಂಬುಕಂಠ ಅಮೀರಬಾಯಿಯವರ ಶಕ್ತಿಯಾಗಿತ್ತೋ ಅದೇ ಅವರಿಗೆ ಭಾರವಾಯಿತು. ಮುಖವನ್ನು ಕಳೆದುಕೊಂಡ ಕಂಠಕ್ಕೆ ಇರುವ ಅಪಾಯವೇ ಇದು. ನಟಿಗೆ ವಯಸ್ಸಾದರೆ ತಾಯಿಯ ಪಾತ್ರವಿದೆ. ಬರಿಯ ಕಂಠಕ್ಕೆ ಅಂಥ ಎರಡನೆಯ ಪಾತ್ರವಿಲ್ಲ. ಅವರ ಜತೆಯ ಗಾಯಕಿಯರಲ್ಲಿ ಬಹುಮಂದಿ ಹೀಗೆಯೇ ಸದ್ದಿಲ್ಲದೆ ಹಿಂದೆ ಸರಿದರು. ಅಮೀರಬಾಯಿಯವರಿಗೆ ಅಭಿನಯದ ಕಸುಬು ಗೊತ್ತಿದ್ದುದರಿಂದ ಅವರ ಜೀವನ ನಡೆಯಿತು. ಅಲ್ಲಿಯೂ ಅವರನ್ನು ಕಾಪಾಡಿದುದು ಬೀಳಗಿಯ ಕಂಪನಿಯ ಋಣವೇ ಎನ್ನಬೇಕು.

ಗೋಹರಬಾಯಿಯವರು 1964ರಲ್ಲಿ ತೀರಿಕೊಂಡರು. ಮರುವರ್ಷ, 1965ರ ಮಾರ್ಚ್ 3ರಂದು, ಪಾರ್ಶ್ವವಾಯುವಿನಿಂದ ಅಮೀರಬಾಯಿಯವರೂ ಕಣ್ಮುಚ್ಚಿದರು. ಅವರನ್ನು ಮಣ್ಣು ಮಾಡಿದುದು ವಿಜಾಪುರದಲ್ಲಿ. ಆ ಊರಿನಲ್ಲಿ ಅವರ ಹೆಸರಿನ ಅಮೀರ್ ಟಾಕೀಸ್ ಎಂಬ ಚಿತ್ರಮಂದಿರವು ಬಹುಕಾಲ ನಡೆಯಿತು.

ಕೊನೆಯದಾಗಿ ಒಂದು ಪ್ರಶ್ನೆ. ಅವರು ನಮ್ಮವರೇ? ಅವರಿಗೆ ಕೀರ್ತಿ ತಂದ ಹಾಡುಗಳು ಹಿಂದಿ ಗುಜರಾತಿಗಳವು. ಅವರು ದುಡಿದುದು ಮುಂಬಯಿಯಲ್ಲಿ. ಹೀಗಾಗಿ ಕನ್ನಡ ಸಂಗೀತದ ಚರಿತ್ರೆಯನ್ನು ಬರೆಯುವವರು ಅವರನ್ನು ಹಿಂದಿಯವರೆಂದು ಬಿಟ್ಟರು. ಹಿಂದಿ ಚಿತ್ರಗೀತೆಯ ಚರಿತ್ರೆಯನ್ನು ಬರೆಯುವವರು ಹಳಬರೆಂದು ಬೇಗನೆ ದಾಟಿಹೋದರು. ಇತ್ತೀಚೆಗೆ ಪ್ರೊ. ರಹಮತ್ ತರೀಕೆರೆಯವರು ಅವರ ಜೀವನವನ್ನು ಕುರಿತು ಕನ್ನಡದಲ್ಲಿ ಒಂದು ಗ್ರಂಥವನ್ನೇ ರಚಿಸಿ ಈ ಕೊರತೆಯನ್ನು ಬಹುಮಟ್ಟಿಗೆ ನೀಗಿದ್ದಾರೆ. ಆದರೂ ಪ್ರಶ್ನೆ ಉಳಿದೇ ಇದೆ. ನನಗೆ ತೋರುವ ಉತ್ತರವಿದು: ಒಂದು ನಾಡಿನ ಸಂಸ್ಕೃತಿಯೆಂದರೆ ಆ ನಾಡಿನ ಭಾಷೆಯಲ್ಲಿ ಬರೆದುದೂ ಹಾಡಿದುದೂ ಮಾತ್ರವಲ್ಲ; ಆ ನಾಡು ಕಲಿಸಿ ಕಳುಹಿಸಿದುದೂ ಅದರಲ್ಲಿ ಸೇರುವುದು. ಗುಡೂರಿನಲ್ಲಿ ನೇಯ್ದ ಸೀರೆಯನ್ನು ಪುಣೆಯಲ್ಲಿ ಉಟ್ಟರೆ ಅದು ಗುಡೂರಿನದಾಗದೆ ಹೋಗುವುದೇ? ಅಮೀರಬಾಯಿಯವರ ಉಸಿರು, ಉಚ್ಚಾರಣೆ, ಮಾತಿನ ಒತ್ತು, ಎಲ್ಲರ ದೇವರನ್ನೂ ತನ್ನದಾಗಿ ಹಾಡುವ ಹೃದಯ, ಇವೆಲ್ಲ ಈ ಸೀಮೆಯಲ್ಲಿಯೇ ನೇಯಲ್ಪಟ್ಟವು.

ಸಭೆಗಳಲ್ಲಿ ಹೊಗಳಿದ ಮಾತ್ರಕ್ಕೆ ನಮ್ಮ ಕರ್ತವ್ಯ ತೀರಲಾರದು. ಹಳೆಯ ಗ್ರಾಮಫೋನು ರಿಕಾರ್ಡುಗಳು ಅರಗಿನಿಂದ ಮಾಡಿದವು. ಕೈತಪ್ಪಿ ಬಿದ್ದರೆ ಚೂರಾಗುವುವು. ಒಂದು ಮಗ್ಗುಲಲ್ಲಿ ಮೂರು ನಿಮಿಷಗಳಿಗೆ ತುಸು ಹೆಚ್ಚಾದಷ್ಟು ಮಾತ್ರ ಧ್ವನಿ. ಅಷ್ಟರಲ್ಲಿ ಒಂದು ಜೀವನದ ಅಭ್ಯಾಸವೆಲ್ಲ ಅಡಗಿರುವುದು. ಬಾಗಲಕೋಟೆ, ಇಳಕಲ್ಲ, ಗು‍ಳೇದಗುಡ್ಡ, ಗುಡೂರುಗಳ ಹಳೆಯ ಮನೆಗಳ ಅಟ್ಟದ ಮೇಲೆ ಅಂಥ ರಿಕಾರ್ಡುಗಳಿದ್ದರೆ ದಯಮಾಡಿ ಅವನ್ನು ಗುಜರಿಗೆ ಹಾಕಬೇಡಿರಿ. ಅದರ ಮೇಲಿನ ಚೀಟಿಯನ್ನು ಓದಿ, ಹಾಡಿದವರ ಹೆಸರನ್ನೂ ರಾಗ ಕಟ್ಟಿದವರ ಹೆಸರನ್ನೂ ಒಂದು ಕಾಗದದಲ್ಲಿ ಬರೆದಿಡಿರಿ. ಕಂಪನಿಗಳಲ್ಲಿ ಪಾರ್ಟು ಮಾಡಿದ ಮುದುಕಿಯರು ಈ ಊರುಗಳಲ್ಲಿ ಇನ್ನೂ ಅಲ್ಲಲ್ಲಿ ಇದ್ದಾರೆ. ಅವರು ಅಡಿಗೆಮನೆಯಲ್ಲಿ ಗುನುಗುವ ರಂಗಗೀತೆಯನ್ನು ಹಿಡಿದಿಡುವುದಕ್ಕೆ ಇಂದು ದೊಡ್ಡ ಯಂತ್ರಶಾಲೆ ಬೇಕಿಲ್ಲ. ಪ್ರತಿಯೊಬ್ಬರ ಕಿಸೆಯಲ್ಲಿರುವ ಮೊಬೈಲೇ ಸಾಕು. ಹಾಗೆ ಹಿಡಿದಿಡುವಾಗ ಮೊಟ್ಟಮೊದಲು ಆ ತಾಯಿಯ ಹೆಸರನ್ನೂ ಊರನ್ನೂ ಆಕೆಯ ಬಾಯಿಂದಲೇ ಹೇಳಿಸಿರಿ. ಹಾಡು ಆಮೇಲೆ ಬರಲಿ. ಕಂಠದಿಂದ ಹೆಸರು ಅಗಲದಂತೆ ನೋಡಿಕೊಳ್ಳುವುದೇ ಅಮೀರಬಾಯಿಯವರಂಥ ಕಲಾವಿದೆಯರಿಗೆ ನಾವು ಸಲ್ಲಿಸಬಹುದಾದ ಋಣ.